ಗೋಡೆ ಮೇಲೆ ‘ಪ್ರೀತಿ’ ಅಂತ ಬರೆದಿದೆ, ಕಾರಿಡಾರಿನಲ್ಲಿ ಮಾತ್ರ ನೂಕುನುಗ್ಗಲು

ಪ್ರಶ್ನೆ: ನಾನು ಒಂದು ಕ್ಯಾಥೋಲಿಕ್ ಶಾಲೆಯ ಉಪಪ್ರಾಂಶುಪಾಲೆ, ಸಿಸ್ಟರ್. ಸುಮಾರು 600 ಮಕ್ಕಳಿದ್ದಾರೆ, 28 ಶಿಕ್ಷಕರು. ಮಕ್ಕಳಲ್ಲಿ ಬೇರೆ ಧರ್ಮದವರೂ ತುಂಬಾ ಇದ್ದಾರೆ. ಒಳ್ಳೆ ನಡತೆಗೆ ನಕ್ಷತ್ರ ಕೊಡುವ ಚಾರ್ಟ್ ಶುರು ಮಾಡಿದೆವು, ಎರಡೇ ತಿಂಗಳಲ್ಲಿ ನಿಂತುಹೋಯಿತು. ಈಗ ಒಂದು ಕಾಗದದ ಚೂರು ಎತ್ತಿ ಹಾಕು ಅಂದರೂ ‘ಏನು ಕೊಡ್ತೀರ?’ ಅಂತ ಕೇಳುತ್ತಾರೆ. ಒಬ್ಬರ ತರಗತಿಯಲ್ಲಿ ತಣ್ಣಗೆ ಕೂರುವ ಮಕ್ಕಳೇ ಮುಂದಿನ ಪೀರಿಯಡ್‌ನಲ್ಲಿ ಕೈಗೆ ಸಿಗುವುದಿಲ್ಲ. ಒಬ್ಬ ಹಿರಿಯ ಶಿಕ್ಷಕರು ಗಲಾಟೆ ಮಾಡಿದವರನ್ನು ಚಾಪೆಲ್‌ನಲ್ಲಿ ಮಂಡಿಯೂರಿಸಿ ಜಪಮಾಲೆ ಹೇಳಿಸುತ್ತಾರೆ. ನನಗದು ಸರಿ ಕಾಣುವುದಿಲ್ಲ, ಆದರೆ ಏನು ಹೇಳಲಿ ಗೊತ್ತಾಗುತ್ತಿಲ್ಲ. ಇಡೀ ಶಾಲೆ ಒಟ್ಟಿಗೆ ಮಾಡಬಹುದಾದ್ದು ಏನಾದರೂ ಇದೆಯಾ?

ಉತ್ತರ: ಸಿಸ್ಟರ್, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಒಬ್ಬರ ತರಗತಿಯಲ್ಲಿ ತಣ್ಣಗೆ ಕೂತ ಮಕ್ಕಳು ಇನ್ನೊಬ್ಬರ ಹತ್ತಿರ ಕುಣಿಯುತ್ತಾರೆ ಅಂದರೆ, ಅವರಿಗೆ ಸರಿಯಾಗಿ ಇರೋಕೆ ಬರುತ್ತದೆ ಅಂತಾಯಿತು. ಗಂಟೆ ಹೊಡೆದಾಗ ಮಕ್ಕಳು ಬದಲಾಗಲಿಲ್ಲ, ಎದುರಿಗಿರುವ ದೊಡ್ಡವರು ಬದಲಾದರು. ಹಾಗಾಗಿ ನಾನು ಮಕ್ಕಳಿಂದ ಶುರು ಮಾಡುವುದಿಲ್ಲ. ನಿಮ್ಮ 28 ಜನರಿಂದ ಶುರು ಮಾಡುತ್ತೇನೆ. ಇದು ಕೇಳೋಕೆ ಅಷ್ಟು ಹಿತವಾಗಿರುವುದಿಲ್ಲ, ಸ್ಟಾಫ್ ರೂಮಿನಲ್ಲಿ ಹೇಳೋಕಂತೂ ಇನ್ನೂ ಕಷ್ಟ.

ನಕ್ಷತ್ರದ ಚಾರ್ಟ್ ಯಾಕೆ ಸತ್ತಿತು ಅಂತ ಮೊದಲು ನೋಡೋಣ. ನಾನೂ ಹಿಂದೆ ಒಂದು ಶಾಲೆಯಲ್ಲಿ ಇಂಥದ್ದೇ ಒಂದನ್ನು ದೊಡ್ಡ ಉತ್ಸಾಹದಿಂದ ಹಚ್ಚಿಸಿದ್ದೆ. ಒಂದು ತಿಂಗಳಾದ ಮೇಲೆ ಹೋಗಿ ಲೆಕ್ಕ ನೋಡಿದರೆ, ದಿನಾ ಗಲಾಟೆ ಮಾಡುವ ಹುಡುಗನಿಗೆ ಎಲ್ಲರಿಗಿಂತ ಜಾಸ್ತಿ ನಕ್ಷತ್ರ. ಯಾಕೆಂದರೆ ಅವನು ಹತ್ತು ನಿಮಿಷ ಸುಮ್ಮನಿದ್ದರೆ ಟೀಚರಿಗೆ ಅದೇ ದೊಡ್ಡ ಸಮಾಧಾನ, ಕೂಡಲೇ ಒಂದು ಅಂಟಿಸಿಬಿಡುತ್ತಿದ್ದರು. ವರ್ಷಪೂರ್ತಿ ಸರಿಯಾಗಿದ್ದ ಹುಡುಗಿಯೊಬ್ಬಳ ಹೆಸರಿನ ಮುಂದೆ ಮೂರೇ ಮೂರು. ಅವಳು ಕೇಳಲಿಲ್ಲ, ಆದರೆ ನೋಡಿದ್ದಳು. ಮಕ್ಕಳು ಇದನ್ನೆಲ್ಲ ನಮಗಿಂತ ಚೆನ್ನಾಗಿ ಲೆಕ್ಕ ಇಡುತ್ತಾರೆ. ಆ ತಪ್ಪು ನನ್ನದೇ. ‘ಒಳ್ಳೆ ನಡತೆ’ಗೆ ನಕ್ಷತ್ರ ಅಂತ ಹೇಳಿದ್ದೆನೇ ಹೊರತು, ಒಳ್ಳೆ ನಡತೆ ಅಂದರೆ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಯಾರಿಗೂ ಹೇಳಿರಲಿಲ್ಲ. ಪ್ರತಿಯೊಬ್ಬರೂ ತಮಗೆ ತೋಚಿದಂತೆ ಅಳೆದರು.

ಕ್ಯಾಥೋಲಿಕ್ ಶಾಲೆಗಳಲ್ಲಿ ಈ ತೊಂದರೆ ಸ್ವಲ್ಪ ಜಾಸ್ತಿಯೇ ಇರುತ್ತದೆ. ಯಾಕೆಂದರೆ ಪದಗಳು ನಮ್ಮ ಹತ್ತಿರ ಆಗಲೇ ಇವೆ. ಪ್ರೀತಿ, ಸೇವೆ, ಕ್ಷಮೆ, ಗೌರವ, ಎಲ್ಲ ಗೋಡೆ ಮೇಲೆ ಚಂದವಾಗಿ ಬರೆದಿರುತ್ತದೆ. ಬರೆದಿದೆಯಲ್ಲ, ಹಾಗಾಗಿ ಕಲಿಸಿಯಾಯಿತು ಅಂತ ಅಂದುಕೊಳ್ಳುತ್ತೇವೆ. ಹತ್ತು ವರ್ಷದ ಮಗುವಿಗೆ ‘ಗೌರವ’ ಅಂದರೆ ಏನು? ಕೇಳಿ ನೋಡಿ, ‘ಗುಡ್ ಮಾರ್ನಿಂಗ್ ಹೇಳೋದು’ ಅನ್ನುತ್ತದೆ. ಕಾರಿಡಾರಿನಲ್ಲಿ ಗೌರವ ಅಂದರೆ ಒಂದು ಬದಿಯಲ್ಲಿ ನಡೆಯೋದು, ಎದುರಿಗೆ ಚಿಕ್ಕವರು ಬಂದರೆ ಅವರಿಗೆ ದಾರಿ ಬಿಡೋದು. ಚಾಪೆಲ್‌ನಲ್ಲಿ ಅಂದರೆ ಬೇರೆಯವರು ಪ್ರಾರ್ಥನೆ ಮಾಡುವಾಗ ಸುಮ್ಮನಿರೋದು, ತನಗೆ ಆ ನಂಬಿಕೆ ಇರಲಿ ಬಿಡಲಿ. ಮೈದಾನದಲ್ಲಿ ಅಂದರೆ ಔಟಾದವನನ್ನು ನೋಡಿ ನಗದೇ ಇರೋದು. ಹೀಗೆ ಒಂದೊಂದು ಜಾಗಕ್ಕೂ ಬಿಡಿಸಿ ಹೇಳಬೇಕು. ಮೂರು ಮಾತು ಸಾಕು, ನಾಲ್ಕಕ್ಕಿಂತ ಜಾಸ್ತಿ ಬೇಡವೇ ಬೇಡ. ಎಂಟು ಮೌಲ್ಯ ಇಟ್ಟುಕೊಂಡ ಶಾಲೆಗಳನ್ನು ನೋಡಿದ್ದೇನೆ, ಅಲ್ಲಿ ಪ್ರಾಂಶುಪಾಲರಿಗೇ ಎಂಟೂ ಬಾಯಿಗೆ ಬರುತ್ತಿರಲಿಲ್ಲ.

ಆಮೇಲೆ ಇದನ್ನು ಗಣಿತ ಕಲಿಸಿದ ಹಾಗೆ ಕಲಿಸಬೇಕು. ನಾನು ತಮಾಷೆಗೆ ಹೇಳುತ್ತಿಲ್ಲ. ಭಾಗಾಕಾರ ತಪ್ಪು ಮಾಡಿದ ಮಗುವಿಗೆ ನಾವು ಇನ್ನೊಂದು ಸಲ ಹೇಳಿಕೊಡುತ್ತೇವೆ. ನಡತೆಯಲ್ಲಿ ತಪ್ಪು ಮಾಡಿದ ಮಗುವಿಗೆ ಮಾತ್ರ ‘ಇಷ್ಟೂ ಗೊತ್ತಾಗಲ್ವಾ?’ ಅನ್ನುತ್ತೇವೆ. ಗೊತ್ತಿರುವುದಿಲ್ಲ, ಅಥವಾ ಗೊತ್ತಿದ್ದರೂ ರೂಢಿ ಇರುವುದಿಲ್ಲ. ಹೊಸ ವರ್ಷದ ಮೊದಲ ವಾರ ಮಕ್ಕಳನ್ನು ಆಯಾ ಜಾಗಕ್ಕೇ ಕರೆದುಕೊಂಡು ಹೋಗಿ ಮಾಡಿ ತೋರಿಸಿ, ಅವರಿಂದ ಮಾಡಿಸಿ. ಬೇಕಂತಲೇ ತಪ್ಪಾಗಿಯೂ ಒಮ್ಮೆ ಮಾಡಿ ತೋರಿಸಿ, ಟೀಚರೇ ಕಾರಿಡಾರಿನಲ್ಲಿ ಓಡಿದರೆ ಮಕ್ಕಳಿಗೆ ನಗು ತಡೆಯೋಕಾಗುವುದಿಲ್ಲ, ಆ ಪಾಠ ಮರೆಯುವುದೂ ಇಲ್ಲ. ದೊಡ್ಡ ರಜೆ ಮುಗಿದ ಮೇಲೆ ಮತ್ತೆ ಮಾಡಿ. ದೊಡ್ಡ ತರಗತಿಯವರು ‘ಇದು ಚಿಕ್ಕ ಮಕ್ಕಳ ಆಟ’ ಅಂತ ಮೂಗು ಮುರಿಯುತ್ತಾರೆ. ಅವರನ್ನೇ ಚಿಕ್ಕವರಿಗೆ ಕಲಿಸೋಕೆ ಹಾಕಿ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ, ಅದು ಶಿಕ್ಷಕರ ಒಪ್ಪಂದ. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಒಂದೇ ಕೆಲಸ ಕೊಡಿ. ಯಾವ ತಪ್ಪನ್ನು ತರಗತಿಯಲ್ಲೇ ಮುಗಿಸಬೇಕು, ಯಾವುದನ್ನು ನಿಮ್ಮ ಕೋಣೆಗೆ ಕಳಿಸಬೇಕು ಅಂತ ಎರಡು ಪಟ್ಟಿ ಬರೆಯಲಿ. ಜಗಳ ಗ್ಯಾರಂಟಿ. ಒಬ್ಬರು ಶರ್ಟ್ ಹೊರಗೆ ಬಂದರೆ ಪ್ರಾಂಶುಪಾಲರ ಹತ್ತಿರ ಕಳಿಸಬೇಕು ಅನ್ನುತ್ತಾರೆ, ಇನ್ನೊಬ್ಬರು ಬೈಗುಳ ಆಡಿದರೂ ‘ಬಿಡಿ, ವಯಸ್ಸು’ ಅನ್ನುತ್ತಾರೆ. ಈ ಜಗಳ ಸ್ಟಾಫ್ ರೂಮಿನಲ್ಲೇ ಆಗಿ ಮುಗಿಯಲಿ. ಮುಗಿಯದಿದ್ದರೆ ಅದು ದಿನಾ ಮಕ್ಕಳ ಮುಂದೆ ನಡೆಯುತ್ತದೆ, ಮಾತಿಲ್ಲದೆ. ಮಗುವಿಗೆ ಒಂದು ಬಾಗಿಲು ದಾಟಿದರೆ ನಿಯಮ ಬೇರೆ ಅಂತ ಗೊತ್ತಾದರೆ, ಪ್ರತಿ ಬಾಗಿಲಲ್ಲೂ ಅದು ಪರೀಕ್ಷೆ ಮಾಡಿ ನೋಡುತ್ತದೆ. ನಾವಾಗಿದ್ದರೂ ಹಾಗೇ ಮಾಡುತ್ತಿದ್ದೆವು, ಅಲ್ವಾ?

ಎಲ್ಲರೂ ಒಪ್ಪುವವರೆಗೂ ಕಾಯಬೇಡಿ. ಅಮೆರಿಕದ ಶಾಲೆಗಳಲ್ಲಿ 1990ರ ದಶಕದ ಕೊನೆಯಿಂದ ಹಬ್ಬಿದ ಪಿಬಿಐಎಸ್ ಅನ್ನುವ ಪದ್ಧತಿಯಿದೆ. ನಿಯಮ ಮುರಿದ ಮೇಲೆ ಶಿಕ್ಷಿಸುವುದಕ್ಕಿಂತ ಸರಿಯಾದ ನಡತೆಯನ್ನು ಮೊದಲೇ ಕಲಿಸಿ, ಗುರುತಿಸಿ, ಬೆಳೆಸುವುದು ಅದರ ತಿರುಳು. ಅಲ್ಲಿ ಸಾಮಾನ್ಯವಾಗಿ ಹೇಳುವ ಮಾತು, ಸಿಬ್ಬಂದಿಯಲ್ಲಿ 80 ಶೇಕಡಾ ಜನ ಮನಸ್ಸಿನಿಂದ ಒಪ್ಪಿದರೆ ಶುರು ಮಾಡಬಹುದು. ನಿಮ್ಮಲ್ಲಿ ಅಂದರೆ 22–23 ಜನ. ಲೈಬ್ರರಿಯವರು, ಗೇಟಿನಲ್ಲಿ ನಿಲ್ಲುವವರು, ಆಫೀಸಿನವರು, ಗುಡಿಸುವವರು ಇವರನ್ನೂ ಸೇರಿಸಿಕೊಳ್ಳಿ. ಕಾರಿಡಾರಿನಲ್ಲಿ ಏನು ನಡೆಯುತ್ತದೆ ಅಂತ ನನಗೆ ಯಾವಾಗಲೂ ಸರಿಯಾಗಿ ಹೇಳಿದವರು ಗುಡಿಸುವವರೇ.

ಇದು ಯಾವುದೋ ಹೊರಗಿನ ಫ್ಯಾಷನ್ ಅಂತ ಯಾರಾದರೂ ಅಂದರೆ, ಡಾನ್ ಬಾಸ್ಕೊ ಅವರನ್ನು ನೆನಪಿಸಿ. 1815ರಿಂದ 1888ರವರೆಗೆ ಬದುಕಿದ್ದ ಈ ಕ್ಯಾಥೋಲಿಕ್ ಗುರುಗಳು (ಪಾದ್ರಿ) ಇಟಲಿಯ ಟ್ಯುರಿನ್ ನಗರದ ಬೀದಿ ಹುಡುಗರನ್ನು ಕಟ್ಟಿಕೊಂಡು ಕೆಲಸ ಮಾಡಿದವರು. 1877ರಲ್ಲಿ ತಮ್ಮ ದಾರಿಯನ್ನು ಬರೆದಿಟ್ಟರು. ಅದಕ್ಕೆ ತಡೆಯುವ ಪದ್ಧತಿ ಅಂತ ಹೆಸರು. ನಿಯಮ ಓದಿ ಹೇಳಿ, ದೂರ ನಿಂತು, ಯಾರು ಮುರಿದರು ಅಂತ ಹಿಡಿದು ಶಿಕ್ಷಿಸುವುದು ಒಂದು ದಾರಿ. ನಿಯಮ ತಿಳಿಸಿ, ಮಕ್ಕಳ ನಡುವೆಯೇ ಇದ್ದು, ತಪ್ಪು ಆಗುವ ಸಂದರ್ಭವನ್ನೇ ಕಡಿಮೆ ಮಾಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಬುದ್ಧಿಗೆ ಒಪ್ಪುವ ಕಾರಣ, ಧರ್ಮ, ಅಕ್ಕರೆ, ಈ ಮೂರರ ಮೇಲೆ ಅದು ನಿಂತಿದೆ.

ಆದರೆ ನನಗೆ ಜಾಸ್ತಿ ಮುಖ್ಯ ಅನ್ನಿಸೋದು 1884ರ ಮೇ ತಿಂಗಳಲ್ಲಿ ಅವರು ರೋಮ್‌ನಿಂದ ತಮ್ಮವರಿಗೆ ಬರೆದ ಪತ್ರ. ಅದರಲ್ಲಿ ಅವರು ಹೇಳುವುದು ಮೈದಾನದ ಬಗ್ಗೆ. ಹಿಂದೆ ಬಿಡುವಿನ ಹೊತ್ತಲ್ಲಿ ದೊಡ್ಡವರು ಹುಡುಗರ ಜೊತೆ ಓಡುತ್ತಿದ್ದರು, ಆಡುತ್ತಿದ್ದರು. ಈಗ ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ನಿಲ್ಲುತ್ತಾರೆ, ಹುಡುಗರು ಮಂಕಾಗಿದ್ದಾರೆ, ಮೂಲೆ ಸೇರಿದ್ದಾರೆ. ಹುಡುಗರನ್ನು ಪ್ರೀತಿಸಿದರೆ ಸಾಲದು, ಪ್ರೀತಿಸುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗಬೇಕು ಅನ್ನುವುದು ಆ ಪತ್ರದ ಜೀವ. ನಿಮ್ಮ ಶಾಲೆಯ ಬಿಡುವಿನ ಹೊತ್ತಲ್ಲಿ ಒಮ್ಮೆ ಹೋಗಿ ನೋಡಿ. ಡ್ಯೂಟಿಯಲ್ಲಿರುವ ಟೀಚರುಗಳು ಎಲ್ಲಿ ನಿಂತಿದ್ದಾರೆ? ಇಬ್ಬಿಬ್ಬರು ಜೋಡಿಯಾಗಿ ನೆರಳಲ್ಲಿ ನಿಂತಿದ್ದರೆ, ಅದು ಕಾವಲೂ ಅಲ್ಲ, ಒಡನಾಟವೂ ಅಲ್ಲ. ಅವರನ್ನು ಬೈಯಬೇಡಿ, ಅವರಿಗೂ ಸುಸ್ತಾಗಿರುತ್ತದೆ. ಬೇರೆ ಬೇರೆ ಜಾಗ ಹಂಚಿ, ನಿಲ್ಲಬೇಡಿ ನಡೆಯುತ್ತಾ ಇರಿ, ಹೋಗುತ್ತಾ ಮೂರು ನಾಲ್ಕು ಮಕ್ಕಳ ಹೆಸರು ಹಿಡಿದು ಮಾತಾಡಿಸಿ ಅಂತ ಹೇಳಿ. ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ನಿಂತು ಹೆಸರು ಕರೆದು ಒಳಗೆ ಬಿಟ್ಟುಕೊಳ್ಳೋದೂ ಇದೇ ಜಾತಿಯದು. ದುಡ್ಡು ಖರ್ಚಿಲ್ಲ, ಮೊದಲ ಐದು ನಿಮಿಷದ ಗದ್ದಲ ಎಷ್ಟು ಇಳಿಯುತ್ತದೆ ನೀವೇ ನೋಡಿ.

ಹೊಗಳಿಕೆ ಮತ್ತು ಬಹುಮಾನದ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ‘ಏನು ಕೊಡ್ತೀರ?’ ಅನ್ನುವ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು.

1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಒಂದು ಶಿಶುವಿಹಾರದಲ್ಲಿ ಪ್ರಯೋಗ ಮಾಡಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯೋದು ಇಷ್ಟ ಇದ್ದ ಮಕ್ಕಳನ್ನೇ ಆರಿಸಿದರು. ಕೆಲವರಿಗೆ ‘ಬರೆದರೆ ಪ್ರಶಸ್ತಿ ಪತ್ರ ಕೊಡ್ತೀವಿ’ ಅಂತ ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತಿಲ್ಲದೆ ಪೆನ್ನು ಇಟ್ಟು ನೋಡಿದರೆ, ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಇಷ್ಟಪಟ್ಟು ಮಾಡುತ್ತಿದ್ದ ಆಟ ಕೂಲಿ ಕೆಲಸ ಆಗಿಬಿಟ್ಟಿತ್ತು. ಗಮನಿಸಿ, ಹೇಳದೆ ಕೊಟ್ಟಾಗ ಹಾಗಾಗಲಿಲ್ಲ.

ಹಾಗಂತ ಬಹುಮಾನ ಪೂರ್ತಿ ವಿಷ ಅಂತ ನಾನು ಹೇಳುವುದಿಲ್ಲ. ಮಗುವಿಗೆ ಇಷ್ಟವೇ ಇಲ್ಲದ, ರೂಢಿಯೇ ಇಲ್ಲದ ಕೆಲಸ ಶುರು ಮಾಡಿಸೋಕೆ ಸಣ್ಣದೊಂದು ಪ್ರೋತ್ಸಾಹ ಉಪಯೋಗಕ್ಕೆ ಬರುತ್ತದೆ. ಆದರೆ ‘ಇದು ಮಾಡಿದರೆ ಅದು ಕೊಡ್ತೀನಿ’ ಅನ್ನುವ ವ್ಯಾಪಾರ ಇಡೀ ಶಾಲೆಯ ಭಾಷೆ ಆಗಬಾರದು. ಅದರ ಬದಲು ಮಾತು ಖರ್ಚು ಮಾಡಿ. ‘ವೆರಿ ಗುಡ್’ ಅಂದರೆ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ‘ಅವನ ಪೆನ್ಸಿಲ್ ಬಿದ್ದಾಗ ಯಾರೂ ಹೇಳದೆ ಎತ್ತಿಕೊಟ್ಟೆ, ನೋಡಿದೆ’ ಅಂದರೆ ಗೊತ್ತಾಗುತ್ತದೆ. ಏನು ಮಾಡಿತು ಅನ್ನುವುದು ಮಾತಿನಲ್ಲಿ ಇರಬೇಕು. ದೊಡ್ಡ ಹುಡುಗರಿಗೆ ಎಲ್ಲರ ಮುಂದೆ ಹೇಳಿದರೆ ಮುಜುಗರ, ಅವರಿಗೆ ಹೋಗುತ್ತಾ ಬರುತ್ತಾ ಮೆಲ್ಲಗೆ ಹೇಳಿ, ಅಥವಾ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಮನೆಗೆ ಫೋನ್ ಮಾಡಿ ಒಳ್ಳೆಯ ಸುದ್ದಿ ಹೇಳಿದರಂತೂ, ಆ ಕಡೆಯಿಂದ ಮೊದಲು ಬರುವ ಮಾತು ‘ಏನು ಮಾಡಿದ?’ ಅಂತ. ಶಾಲೆಯಿಂದ ಫೋನ್ ಅಂದರೆ ದೂರು ಅಂತಲೇ ಅವರ ರೂಢಿ. ಆ ಗಾಬರಿ ಇಳಿದ ಮೇಲೆ ಬರುವ ಮೌನ ಇದೆಯಲ್ಲ, ಅದನ್ನು ಒಮ್ಮೆ ಕೇಳಿದ ಟೀಚರ್ ಮತ್ತೆ ಮತ್ತೆ ಫೋನ್ ಮಾಡುತ್ತಾರೆ.

ಒಂದು ಸಲ ಗದರಿದರೆ ನಾಲ್ಕು ಸಲ ಒಳ್ಳೆಯದನ್ನು ಗುರುತಿಸಿ ಅನ್ನುವ ಲೆಕ್ಕ ಈ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇದೆ. ನಾಲ್ಕೇ ಯಾಕೆ, ಮೂರಾದರೆ ಆಗಲ್ವಾ ಅಂತ ಕೇಳಬೇಡಿ, ಅದೊಂದು ಗುರುತಿನ ಕಲ್ಲು ಅಷ್ಟೇ. ಆದರೆ ಎಣಿಸಿ ನೋಡೋದು ಒಳ್ಳೆಯದು. ಶಿಕ್ಷಕರು ಎಡಜೇಬಿನಲ್ಲಿ ಹತ್ತು ಕ್ಲಿಪ್ ಇಟ್ಟುಕೊಂಡು, ಒಂದೊಂದು ಒಳ್ಳೆ ಮಾತಿಗೆ ಒಂದೊಂದು ಬಲಜೇಬಿಗೆ ಹಾಕಲಿ. ಪೀರಿಯಡ್ ಮುಗಿದಾಗ ಎಷ್ಟು ಉಳಿದಿದೆ ಅಂತ ಅವರೇ ನೋಡಿಕೊಳ್ಳಲಿ, ನಿಮಗೆ ವರದಿ ಕೊಡುವುದು ಬೇಡ. ನಾನು ಮೊದಲ ಸಲ ಮಾಡಿದಾಗ ಎಂಟು ಕ್ಲಿಪ್ ಎಡಜೇಬಿನಲ್ಲೇ ಇದ್ದವು.

ಸಂತರ ಹೆಸರಿನ ಹೌಸ್ ಇದ್ದರೆ ಅಂಕಗಳನ್ನು ಹೌಸಿಗೆ ಕೊಡಿ, ಒಬ್ಬೊಬ್ಬ ಮಗುವಿಗೆ ಬೇಡ. ಒಮ್ಮೆ ಕೊಟ್ಟ ಅಂಕ ವಾಪಸ್ ಕಿತ್ತುಕೊಳ್ಳಬೇಡಿ. ನಿನ್ನೆ ಮಾಡಿದ ಒಳ್ಳೆ ಕೆಲಸ ಇವತ್ತಿನ ತಪ್ಪಿನಿಂದ ಅಳಿಸಿಹೋಗುವುದಿಲ್ಲ.

ಅದಕ್ಕಿಂತಲೂ ನಾನು ನಂಬುವುದು ಜವಾಬ್ದಾರಿಯನ್ನು. ಇದೂ ಹಳೆಯದೇ. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ (1651–1719), 1950ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಶಿಕ್ಷಕರ ಪಾಲಕ ಸಂತ ಅಂತ ಘೋಷಿಸಿದರಲ್ಲ, ಅವರ ಶಾಲೆಗಳಲ್ಲಿ ಮಕ್ಕಳಿಗೆ ಒಂದೊಂದು ಹುದ್ದೆ ಇತ್ತು. ಗಂಟೆ ಹೊಡೆಯುವವನು, ಬೀಗದ ಕೈ ಇಟ್ಟುಕೊಳ್ಳುವವನು, ಕಾಗದ ಹಂಚುವವನು, ಪ್ರಾರ್ಥನೆ ಹೇಳಿಕೊಡುವವನು, ಕಸ ಗುಡಿಸುವವನು. 1720ರಲ್ಲಿ ಅಚ್ಚಾದ ಅವರ ಶಾಲಾ ಕೈಪಿಡಿಯಲ್ಲಿ ಇದೆಲ್ಲ ವಿವರವಾಗಿ ಇದೆ. (ಅದರಲ್ಲಿ ಬೆತ್ತದ ಮಾತೂ ಇದೆ, ಅದು ಆ ಕಾಲದ್ದು, ಅಲ್ಲೇ ಬಿಡೋಣ.) ನಿಮ್ಮಲ್ಲಿ ಹುದ್ದೆ ಕೊಡುವಾಗ ಮೊದಲ ಬೆಂಚಿನವರಿಗೇ ಕೊಡಬೇಡಿ. ಯಾವನು ಕಾರಿಡಾರಿನಲ್ಲಿ ಜಾಸ್ತಿ ಓಡುತ್ತಾನೋ ಅವನಿಗೆ ಒಂದನೇ ತರಗತಿಯ ಮಕ್ಕಳನ್ನು ಗೇಟಿನವರೆಗೆ ಸಾಲಾಗಿ ಕರೆದೊಯ್ಯುವ ಕೆಲಸ ಕೊಟ್ಟು ನೋಡಿ.

ಈಗ ಜಪಮಾಲೆಯ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಪ್ರಾರ್ಥನೆಯನ್ನು ಶಿಕ್ಷೆ ಮಾಡಬೇಡಿ. ಮಂಡಿನೋವಿನ ಜೊತೆ ಜಪಮಾಲೆ ಕಲಿತ ಮಗುವಿಗೆ ದೊಡ್ಡವನಾದ ಮೇಲೂ ಜಪಮಾಲೆ ನೋಡಿದರೆ ನೆನಪಾಗೋದು ಮಂಡಿನೋವು. ಬೇರೆ ಧರ್ಮದ ಮಗುವಾದರೆ ಇದು ಇನ್ನೂ ಕೆಟ್ಟದು, ಅದರ ನಂಬಿಕೆಗೆ ಸೇರದ ಪ್ರಾರ್ಥನೆಯನ್ನು ಬಲವಂತವಾಗಿ ಹೇಳಿಸಿದಂತಾಯಿತು. ಧಾರ್ಮಿಕ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ಕ್ಯಾಥೋಲಿಕ್ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅದೇ ರೀತಿ ‘ನೀನು ಗಲಾಟೆ ಮಾಡಿದೆ, ಈ ವಾರ ಗಾಯನದಲ್ಲಿಲ್ಲ, ಚರ್ಚಿನ ಬಲಿಪೂಜೆಯಲ್ಲಿ ಬೈಬಲ್ ವಾಚನ ಓದೋಕಿಲ್ಲ’ ಅನ್ನೋದೂ ಬೇಡ. ಮಗುವಿಗೆ ತಾನು ಇಲ್ಲಿಗೆ ಸೇರಿದವನು ಅನ್ನಿಸುವ ಜಾಗ ಅದು, ಅಲ್ಲಿಂದಲೇ ಹೊರಗೆ ಹಾಕಿದರೆ ಮತ್ತೆಲ್ಲಿ ಸೇರಿಸಿಕೊಳ್ಳುತ್ತೀರಿ?

‘ಹೋಗಿ ಫಾದರ್ ಹತ್ತಿರ ಪಾಪನಿವೇದನೆ ಮಾಡು’ ಅಂತ ಕಳಿಸೋದಂತೂ ಮಾಡಲೇಬಾರದು. ತಾನು ಮಾಡಿದ ತಪ್ಪನ್ನು ಗುರುಗಳ ಮುಂದೆ ಹೇಳಿಕೊಂಡು ದೇವರ ಕ್ಷಮೆ ಬೇಡುವ ಸಂಸ್ಕಾರ ಅದು. ಶಾಲೆಯ ಅಧಿಕಾರ ಮತ್ತು ಪಾಪನಿವೇದನೆ ಬೆರೆಯಬಾರದು ಅನ್ನುವ ಎಚ್ಚರ ಧರ್ಮಸಭೆಯ ಕಾನೂನಿನಲ್ಲೇ ಇದೆ. 1983ರ ಸಂಹಿತೆಯ 985ನೇ ವಿಧಿಯ ಪ್ರಕಾರ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಾದ ಗುರುಗಳು ತಮ್ಮ ಜೊತೆ ಒಂದೇ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ವಿದ್ಯಾರ್ಥಿಯೇ ತಾನಾಗಿ ಬಂದು ಕೇಳಿಕೊಂಡ ಸಂದರ್ಭ ಬಿಟ್ಟು. ಹಾಸ್ಟೆಲ್ ಇರುವ ಶಾಲೆಗಳು ಇದನ್ನು ನೆನಪಿಡಬೇಕು.

ಹಾಗಾದರೆ ನಂಬಿಕೆಗೆ ಶಿಸ್ತಿನಲ್ಲಿ ಜಾಗವೇ ಇಲ್ಲವಾ? ಇದೆ, ಆದರೆ ಅದರ ಆಕಾರದಲ್ಲಿ. ಪಾಪನಿವೇದನೆಗೆ ಸಿದ್ಧವಾಗೋದು ಹೇಗೆ ಅಂತ ನೀವೇ ಮಕ್ಕಳಿಗೆ ಕಲಿಸುತ್ತೀರಿ. ಏನು ಮಾಡಿದೆ ಅಂತ ಯೋಚಿಸು, ಮನಸ್ಸಿನಿಂದ ನೊಂದುಕೋ, ಮತ್ತೆ ಮಾಡಲ್ಲ ಅಂತ ನಿರ್ಧರಿಸು, ಬಾಯಿಬಿಟ್ಟು ಹೇಳು, ಪ್ರಾಯಶ್ಚಿತ್ತ ಮಾಡು. ಇಬ್ಬರು ಹುಡುಗರು ಹೊಡೆದಾಡಿಕೊಂಡಾಗ ಕೇಳಬೇಕಾದ್ದೂ ಇಂಥದ್ದೇ: ಏನಾಯಿತು, ಆಗ ನಿನ್ನ ತಲೆಯಲ್ಲಿ ಏನಿತ್ತು, ಇದರಿಂದ ಯಾರಿಗೆ ನೋವಾಯಿತು, ಸರಿಮಾಡೋಕೆ ನೀನು ಏನು ಮಾಡ್ತೀಯ? ಇದರಲ್ಲಿ ಬೇರೆ ಧರ್ಮದ ಮಗುವಿಗೆ ಅಡ್ಡಬರುವಂಥದ್ದು ಏನೂ ಇಲ್ಲ. ಮುರಿದದ್ದನ್ನು ಸರಿಮಾಡಲಿ, ಚೆಲ್ಲಿದ್ದನ್ನು ಒರೆಸಲಿ, ತಾನು ಯಾರನ್ನು ಗೇಲಿ ಮಾಡಿದನೋ ಅವನ ಜೊತೆ ಒಂದು ವಾರ ಒಂದು ಕೆಲಸ ಮಾಡಲಿ. ಆದರೆ ನೊಂದ ಮಗು ಒಪ್ಪಿದರೆ ಮಾತ್ರ. ‘ಕ್ಷಮಿಸು, ಕೈ ಕೊಡು, ಮುಗೀತು’ ಅಂತ ಎರಡು ನಿಮಿಷದಲ್ಲಿ ಕೈ ಕುಲುಕಿಸಿ ಕಳಿಸೋದು ನಮ್ಮ ಶಾಲೆಗಳ ದೊಡ್ಡ ಚಟ. ಕ್ಷಮೆ ಒಳ್ಳೆಯ ಮಾತು ಅಂತ ನೊಂದವನ ಕತ್ತು ಹಿಡಿದು ಹೇಳಿಸಿದರೆ ಅದು ಎರಡನೇ ಏಟು. ಮತ್ತೆ ಮತ್ತೆ ಒಬ್ಬನನ್ನೇ ಕಾಡುತ್ತಿದ್ದರೆ ಇಬ್ಬರನ್ನೂ ಎದುರುಬದುರು ಕೂರಿಸಲೇಬೇಡಿ, ಮೊದಲು ಕಾಡಿಸಿಕೊಂಡ ಮಗುವಿಗೆ ರಕ್ಷಣೆ.

ಇಷ್ಟೆಲ್ಲ ಮಾಡಿದರೂ ಕೆಲವರು ಉಳಿಯುತ್ತಾರೆ. ಪಿಬಿಐಎಸ್‌ನವರ ಸ್ಥೂಲ ಲೆಕ್ಕದಲ್ಲಿ 80 ಶೇಕಡಾ ಮಕ್ಕಳಿಗೆ ಇಡೀ ಶಾಲೆಯ ವ್ಯವಸ್ಥೆ ಸಾಕು, 15ರಷ್ಟು ಮಕ್ಕಳಿಗೆ ಸ್ವಲ್ಪ ಜಾಸ್ತಿ ಗಮನ ಬೇಕು, 5ರಷ್ಟು ಮಕ್ಕಳಿಗೆ ಒಬ್ಬೊಬ್ಬರಿಗೇ ಬೇರೆ ಯೋಜನೆ ಬೇಕು. ನಡುವಿನವರಿಗೆ ಒಂದು ಸುಲಭ ಉಪಾಯ ಇದೆ. ಬೆಳಿಗ್ಗೆ ಒಬ್ಬ ದೊಡ್ಡವರನ್ನು ಎರಡು ನಿಮಿಷ ನೋಡಿ, ಒಂದು ಸಣ್ಣ ಕಾರ್ಡ್ ತೆಗೆದುಕೊಂಡು ಹೋಗೋದು. ಪ್ರತಿ ಪೀರಿಯಡ್ ಆದ ಮೇಲೆ ಟೀಚರ್ ಅದರಲ್ಲಿ ಗುರುತು ಹಾಕೋದು. ಸಂಜೆ ಅದೇ ದೊಡ್ಡವರಿಗೆ ತೋರಿಸಿ ಮನೆಗೆ ಹೋಗೋದು. ಕಾರ್ಡಿಗಿಂತ ಆ ಎರಡು ನಿಮಿಷವೇ ಮುಖ್ಯ, ಹಾಗಾಗಿ ಆ ವ್ಯಕ್ತಿ ಮಗುವಿಗೆ ಇಷ್ಟವಾದವರಾಗಿರಲಿ. ಕೊನೆಯ 5ರವರ ವಿಷಯದಲ್ಲಿ ‘ಯಾಕೆ ಹೀಗೆ ಮಾಡ್ತಾನೆ’ ಅನ್ನೋದನ್ನು ಬೈಗುಳದ ಧಾಟಿ ಬಿಟ್ಟು ನಿಜವಾಗಿ ಕೇಳಿ. ಓದೋಕೆ ಬಾರದ ಹುಡುಗ ಭಾಷಾ ಪಾಠದಲ್ಲೇ ಗಲಾಟೆ ಮಾಡಿ ಹೊರಗೆ ಹೋಗುತ್ತಿದ್ದರೆ, ಹೊರಗೆ ಕಳಿಸೋದು ಅವನಿಗೆ ಶಿಕ್ಷೆ ಅಲ್ಲ, ಬಿಡುಗಡೆ. ಮನೆಯಲ್ಲಿ ಏನೋ ಆಗಿದೆ ಅಂತ ಅನುಮಾನ ಬಂದರೆ ನೀವೇ ವಿಚಾರಣೆ ನಡೆಸಬೇಡಿ, ಮಕ್ಕಳ ರಕ್ಷಣೆಯ ನಿಯಮದಂತೆ ಹೇಳಬೇಕಾದವರಿಗೆ ಕೂಡಲೇ ಹೇಳಿ.

ಲೆಕ್ಕ ಇಡೋಕೆ ಒಂದು ನೋಟ್‌ಬುಕ್ ಸಾಕು: ಎಲ್ಲಿ, ಎಷ್ಟು ಹೊತ್ತಿಗೆ, ಏನಾಯಿತು. ತಿಂಗಳಿಗೊಮ್ಮೆ ನೋಡಿದರೆ ಹೆಚ್ಚಿನದೆಲ್ಲ ಒಂದೆರಡು ಜಾಗ, ಒಂದೇ ಹೊತ್ತಿಗೆ ಸೇರಿಕೊಂಡಿರುತ್ತದೆ. ಮೆಟ್ಟಿಲ ಹತ್ತಿರ ಅಂದರೆ ಎರಡು ತರಗತಿ ಬಿಡುವ ಹೊತ್ತನ್ನು ಮೂರು ನಿಮಿಷ ಹಿಂದುಮುಂದು ಮಾಡಿ. ಎಷ್ಟೋ ‘ಅಶಿಸ್ತು’ ವೇಳಾಪಟ್ಟಿಯ ತಪ್ಪು.

ಆ ಹಿರಿಯ ಶಿಕ್ಷಕರಿಗೆ ಏನು ಹೇಳಲಿ ಅಂತ ಕೇಳಿದ್ದಿರಿ. ಸಭೆಯಲ್ಲಿ ಹೇಳಬೇಡಿ. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ ನಿಮಗೆ ಗೊತ್ತೇ ಇದೆ, ತಪ್ಪು ಕಂಡರೆ ಮೊದಲು ಅವನೊಬ್ಬನಿಗೇ, ಇಬ್ಬರೇ ಇದ್ದಾಗ ಹೇಳು ಅಂತ. ಅದು ಶಿಕ್ಷಕರಿಗೂ ಅನ್ವಯಿಸುತ್ತದೆ. ‘ಸರ್, ಚಾಪೆಲ್ ಮಕ್ಕಳಿಗೆ ಹೆದರಿಕೆಯ ಜಾಗ ಆಗುತ್ತಿದೆ ಅಂತ ನನಗೆ ಅನ್ನಿಸ್ತಿದೆ, ನಾಳೆಯಿಂದ ಅದು ಬೇಡ’ ಅಂತ ನೇರವಾಗಿ ಹೇಳಿ, ಸುತ್ತಿ ಬಳಸಬೇಡಿ. ‘ಇಷ್ಟು ವರ್ಷ ನಡೆದುಬಂದಿದೆ, ನಮಗೂ ಹಾಗೇ ಕಲಿಸಿದ್ದು’ ಅಂತ ಅವರು ಅನ್ನಬಹುದು. ವಾದಕ್ಕೆ ಹೋಗಬೇಡಿ. ಗಲಾಟೆ ಆದಾಗ ಅವರು ಇನ್ನೇನು ಮಾಡಬೇಕು ಅನ್ನೋದನ್ನು ಕೈಗೆ ಕೊಡಿ, ಇಲ್ಲದಿದ್ದರೆ ಮೂರನೇ ದಿನ ಮತ್ತೆ ಜಪಮಾಲೆ ಬರುತ್ತದೆ. ‘ಏನಾಯಿತು’ ಅಂತ ಶುರುವಾಗುವ ಆ ನಾಲ್ಕು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು, ಮೊದಲ ಒಂದೆರಡು ಸಲ ನೀವೂ ಜೊತೆಯಲ್ಲಿ ಕೂತುಕೊಳ್ಳಿ. ಅವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಅಂತ ನನಗೆ ಅನ್ನಿಸೋದಿಲ್ಲ. ಬಿಡುವಿನ ಹೊತ್ತಲ್ಲಿ ಮೈದಾನದ ಡ್ಯೂಟಿಗೆ ಮೊದಲ ವಾರ ಅವರ ಹೆಸರನ್ನೇ ಹಾಕಿ, ನಿಮ್ಮ ಹೆಸರನ್ನು ಅದರ ಪಕ್ಕಕ್ಕೆ.